ಐದು ಸ್ಟೂಲುಗಳ ಅರ್ಜಿ

"ಎಷ್ಟು ಮಕ್ಕಳು ಅಂತ ಬರೀಲಿ?" ಅಮ್ಮ ಕೇಳಿದಳು.

ಟ್ರಿಣಿ ಸೈಕಲ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಹಿಡಿದಿದ್ದಳು. ತೂತು ಎಲ್ಲಿದೆ ಎಂದು ಗುಳ್ಳೆ ಬಂದು ಹೇಳಬೇಕಿತ್ತು. ಗುಳ್ಳೆ ಇನ್ನೂ ಬಂದಿರಲಿಲ್ಲ.

"ಯಾವ ಮಕ್ಕಳು?"

"ಅಯ್ಯೋ, ಆಗಿಂದ ಯಾರಿಗೆ ಓದ್ತಾ ಇದ್ದೀನಿ ನಾನು? ಗೋಡೆಗಾ? ಇನ್ನೊಂದ್ಸಲ ಕೇಳು." ಅಮ್ಮ ಗ್ರೀಸ್ ಹತ್ತದ ಹಾಗೆ ಎರಡೇ ಬೆರಳಲ್ಲಿ ಕಾಗದ ಎತ್ತಿ ಹಿಡಿದಳು. "ಯೋಜನೆಗೆ ಸೇರಲು ಸಿದ್ಧರಿರುವ ಮಕ್ಕಳ ಸಂಖ್ಯೆ. ಕನಿಷ್ಠ ಐದು. ನಿನ್ನ ಫ್ರೆಂಡ್ಸ್ ಎಷ್ಟು ಜನ ಇದ್ದಾರೆ, ಲೆಕ್ಕ ಹಾಕೋಣ. ಉದ್ದಜಡೆ, ಕನ್ನಡಕ, ಆ ಅವಳಿಗಳು ಇಬ್ಬರು, ಆಮೇಲೆ... ಯಾರೇ ಅದು, ಎಲ್ಲದಕ್ಕೂ ನಗೋಳು?"

"ನಗುಬುರುಕಿ."

"ಹಾಂ, ನಗುಬುರುಕಿ. ನೋಡಿದ್ಯಾ, ಸರಿಯಾಗಿ ಐದು. ಕೇಳಿ ಮಾಡಿಸಿದ ಹಾಗಿದೆ. ಎಲ್ಲರೂ ಬರ್ತಾರೆ ತಾನೇ?"

ಆಗ ಬುಳುಬುಳು ಎಂದು ಗುಳ್ಳೆ ಎದ್ದಿತು. ಟ್ರಿಣಿ ತೂತಿನ ಮೇಲೆ ಬೆರಳು ಒತ್ತಿ ಹಿಡಿದಳು. ತಲೆ ಎತ್ತದೆಯೇ "ಹೂಂ, ಬರ್ತಾರೆ" ಎಂದಳು.

ಅಮ್ಮ ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ಬಲು ಜತನದಿಂದ, ಚೌಕದೊಳಗೆ "ಐದು" ಎಂದು ಬರೆದಳು.

ಅಮ್ಮ ಸೈಕಲ್ ರಿಪೇರಿ ಮಾಡುತ್ತಾಳೆ. ಮನೆ ಎಂದರೆ ಅಂಗಡಿಯ ಮೇಲಿನ ಒಂದೇ ಕೋಣೆ. ಅದರಲ್ಲಿ ಇರುವವರು ಅಮ್ಮ ಮತ್ತು ಟ್ರಿಣಿ, ಇಬ್ಬರೇ. ಟ್ರಿಣಿಗೆ ಶಾಲೆಯ ರಿಜಿಸ್ಟರಿನಲ್ಲಿ ಬೇರೆ ಹೆಸರಿದೆ. ಕೂಸಾಗಿದ್ದಾಗ ಸೈಕಲ್ ಬೆಲ್ ಬಾರಿಸಿದರೆ ಮಾತ್ರ ಅಳು ನಿಲ್ಲಿಸುತ್ತಿದ್ದಳಂತೆ, ಅದಕ್ಕೇ ಟ್ರಿಣಿ. ಅವರು ಈ ಬೀದಿಗೆ ಬಂದು ಹತ್ತು ತಿಂಗಳಾಗಿತ್ತು.

ಅಂಗಡಿಯ ಹಿಂದೆ ಇನ್ನೊಂದು ಕೋಣೆಯಿತ್ತು. ಯಾರೋ ಬಿಟ್ಟುಹೋದ ಹಳೆಯ ಸೈಕಲ್ಲುಗಳು ಅಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಬಡಾವಣೆಯ ಮಕ್ಕಳಿಗಾಗಿ ಏನಾದರೂ ಹೊಸ ಕೆಲಸ ಮಾಡುವವರಿಗೆ ನಗರಸಭೆ ಹಣ ಕೊಡುತ್ತದೆ ಎಂದು ಲೈಬ್ರರಿಯ ಬೋರ್ಡಿನಲ್ಲಿ ಓದಿದ ದಿನದಿಂದ ಅಮ್ಮನ ತಲೆಯಲ್ಲಿ ಆ ಕೋಣೆಯೇ ತಿರುಗುತ್ತಿತ್ತು. ಶನಿವಾರ ಶನಿವಾರ ಮಕ್ಕಳು ಬರಬೇಕು. ಮುರಿದ ಸೈಕಲ್ಲನ್ನು ತಾವೇ ಬಿಚ್ಚಿ, ತಾವೇ ಜೋಡಿಸಿ, ತಾವೇ ಓಡಿಸಬೇಕು. ಅರ್ಜಿಯಲ್ಲಿ ಯೋಜನೆಯ ಹೆಸರು ಎಂಬಲ್ಲಿ ಅಮ್ಮ "ಶನಿವಾರದ ಸೈಕಲ್ ಕೋಣೆ" ಎಂದು ಬರೆದಿದ್ದಳು. ಹಣ ಬಂದರೆ ಮಕ್ಕಳ ಕೈಗೆ ಹೊಂದುವ ಚಿಕ್ಕ ಸ್ಪ್ಯಾನರುಗಳು, ಒಂದು ಒಳ್ಳೆಯ ಪಂಪು, ಸೈಕಲ್ ನಿಲ್ಲಿಸುವ ಸ್ಟ್ಯಾಂಡು.

"ನಿನ್ನ ಫ್ರೆಂಡ್ಸೆಲ್ಲ ಇಲ್ಲೇ ಇರ್ತಾರೆ. ನೀನು ಅವರನ್ನ ಹುಡುಕ್ಕೊಂಡು ಎಲ್ಲೂ ಹೋಗೋದೇ ಬೇಡ," ಎಂದಿದ್ದಳು ಅಮ್ಮ.

ಈಗ ಒಂದು ವಿಷಯ ಹೇಳಿಬಿಡಬೇಕು. ಟ್ರಿಣಿಯ ತರಗತಿಯಲ್ಲಿ ಉದ್ದಜಡೆಯವಳು ಇದ್ದಾಳೆ. ಕನ್ನಡಕದವಳು, ಅವಳಿಗಳು, ನಗುಬುರುಕಿ, ಎಲ್ಲರೂ ಇದ್ದಾರೆ. ಊಟದ ಹೊತ್ತಿನಲ್ಲಿ ಐವರೂ ಮೈದಾನದ ಮರದ ಕೆಳಗೆ ಕೂರುತ್ತಾರೆ. ಟ್ರಿಣಿ ನಲ್ಲಿಯ ಪಕ್ಕದ ಮೆಟ್ಟಿಲ ಮೇಲೆ ಕೂತು ಅವರನ್ನು ನೋಡುತ್ತಾ ಡಬ್ಬಿ ಖಾಲಿ ಮಾಡುತ್ತಾಳೆ. ಆ ಐವರಲ್ಲಿ ಒಬ್ಬಳೂ ಟ್ರಿಣಿಯ ಫ್ರೆಂಡ್ ಅಲ್ಲ.

ಇದು ಶುರುವಾದದ್ದು ಶಾಲೆಗೆ ಸೇರಿದ ಮೊದಲ ದಿನ. "ಯಾರಾದ್ರೂ ಫ್ರೆಂಡ್ ಸಿಕ್ಕಿದ್ರಾ?" ಎಂದು ಕೇಳುವಾಗ ಅಮ್ಮನ ಮುಖ ಎಷ್ಟು ಆಸೆಯಿಂದ ಅರಳಿತ್ತೆಂದರೆ, ಇಲ್ಲ ಎನ್ನಲು ಟ್ರಿಣಿಗೆ ಬಾಯಿ ಬರಲಿಲ್ಲ. "ಒಬ್ಬಳು ಸಿಕ್ಕಿದ್ಲು. ಉದ್ದಜಡೆ" ಎಂದಳು. ಮರುದಿನ ಅಮ್ಮ ಉದ್ದಜಡೆಯ ಬಗ್ಗೆ ವಿಚಾರಿಸಿದಳು. ವಿಚಾರಿಸಿದ ಮೇಲೆ ಏನಾದರೂ ಹೇಳಬೇಕಲ್ಲ? ಹಾಗೆ ಒಬ್ಬಳು ಇಬ್ಬರಾಗಿ, ಇಬ್ಬರು ಐವರಾದರು. ಈಗ ಅಮ್ಮನಿಗೆ ಅವಳಿಗಳ ಮನೆಯ ಬೆಕ್ಕು ಎಷ್ಟು ಮರಿ ಹಾಕಿದೆ ಎಂಬುದೂ ಗೊತ್ತು.

ಟ್ರಿಣಿಯ ಮಾತು ಮುಗಿದ ಮೇಲೆ ಅಮ್ಮನ ಸರದಿ. ಅಮ್ಮನ ಬಳಿ ಪಕ್ಕದ ಹೊಲಿಗೆ ಅಂಗಡಿಯ ಅಕ್ಕನ ಸುದ್ದಿ ದಿನಾ ಇರುತ್ತಿತ್ತು. "ಇವತ್ತು ಏನಾಯ್ತು ಗೊತ್ತಾ? ಹೊಲಿಗೆ ಅಕ್ಕ ಯಾರದೋ ಪ್ಯಾಂಟಿಗೆ ಎರಡೂ ಎಡಗಾಲೇ ಹೊಲಿದುಬಿಟ್ಟಿದ್ಲು. ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು." ಟ್ರಿಣಿಗೆ ಆ ಸುದ್ದಿ ಕೇಳುವುದೆಂದರೆ ಇಷ್ಟ. ತಾನು ಶಾಲೆಯಲ್ಲಿರುವಾಗ ಅಮ್ಮ ಒಬ್ಬಳೇ ಇರುವುದಿಲ್ಲ ಎಂದು ಅವಳಿಗೆ ಸಮಾಧಾನವಾಗುತ್ತಿತ್ತು.

ಅರ್ಜಿಯ ಕೊನೆಯಲ್ಲಿ ಇನ್ನೊಂದು ಚೌಕವಿತ್ತು. ನೆರೆಯವರೊಬ್ಬರ ಸಹಿ.

"ಇದು ಸುಲಭ. ಹೊಲಿಗೆ ಅಕ್ಕನ ಹತ್ರ ಹಾಕಿಸ್ಕೊಂಡ್ ಬರ್ಲಾ?" ಟ್ರಿಣಿ ಕೇಳಿದಳು.

"ನೀನು ಟ್ಯೂಬ್ ನೋಡ್ಕೋ. ಅವಳೇನು ಎಲ್ಲಾದ್ರೂ ಓಡಿ ಹೋಗ್ತಾಳಾ? ನಾನೇ ಹಾಕಿಸ್ಕೋತೀನಿ ಬಿಡು," ಎಂದು ಅಮ್ಮ ಅರ್ಜಿಯನ್ನು ಮಡಚಿದಳು.

* * *

ಎರಡು ವಾರದ ಮೇಲೆ, ಒಂದು ಸೋಮವಾರ, ನಗರಸಭೆಯಿಂದ ಪತ್ರ ಬಂತು. ಅಮ್ಮ ಅದನ್ನು ಮೂರು ಸಲ ಓದಿದಳು. ಮೂರನೆಯ ಸಲ ಜೋರಾಗಿ ಓದಿದಳು.

"ಈ ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಗೆ ನಮ್ಮ ಕಚೇರಿಯವರು ಬಂದು ಸ್ಥಳವನ್ನೂ ಸೇರಲಿರುವ ಮಕ್ಕಳನ್ನೂ ನೋಡುತ್ತಾರೆ. ಟ್ರಿಣಿ, ಅವರು ಬರ್ತಾರಂತೆ ಕಣೆ. ಮಕ್ಕಳನ್ನ ನೋಡೋಕೆ. ನಿನ್ನ ಫ್ರೆಂಡ್ಸನ್ನ ಕೊನೆಗೂ ನಾನೂ ನೋಡ್ತೀನಿ."

ಟ್ರಿಣಿ ಪತ್ರವನ್ನು ತೆಗೆದುಕೊಂಡು ತಾನೂ ಒಮ್ಮೆ ಓದಿದಳು.

ಅವತ್ತು ಸಂಜೆ ಅವಳು ನೋಟ್‌ಬುಕ್ಕಿನ ಹಾಳೆ ಹರಿದು ಐದು ಚೀಟಿ ಮಾಡಿದಳು. "ಶನಿವಾರ ನಾಲ್ಕು ಗಂಟೆಗೆ ನಮ್ಮ ಸೈಕಲ್ ಅಂಗಡಿಗೆ ಬರ್ತೀರಾ?" ಎಂದು ಐದರಲ್ಲೂ ಬರೆದು ಜಾಮಿಟ್ರಿ ಬಾಕ್ಸಿನಲ್ಲಿಟ್ಟಳು. ಕೊಟ್ಟರೆ ಆಯಿತು. ಕೊಡುವುದೇನು ಮಹಾ ಕೆಲಸ?

ನಲ್ಲಿಯಿಂದ ಮರಕ್ಕೆ ಇಪ್ಪತ್ತೆರಡು ಹೆಜ್ಜೆ. ಮೊದಲ ಟರ್ಮಿನಲ್ಲೇ ಅವಳು ಕಣ್ಣಿನಲ್ಲಿ ಅಳೆದಿಟ್ಟಿದ್ದಳು.

ಮಂಗಳವಾರ ಎಂಟು ಹೆಜ್ಜೆ ಹೋದಳು. ಮರದ ಕೆಳಗಿನಿಂದ ಯಾರೋ ತಲೆ ಎತ್ತಿದಂತಾಯಿತು. ಟ್ರಿಣಿ ಥಟ್ಟನೆ ಬಗ್ಗಿ ಶೂಲೇಸ್ ಕಟ್ಟತೊಡಗಿದಳು. ಅವಳ ಶೂಗೆ ಲೇಸೇ ಇರಲಿಲ್ಲ. ಸ್ವಲ್ಪ ಹೊತ್ತು ಪಟ್ಟಿ ಸವರಿ, ಎದ್ದು, ವಾಪಸ್ ಬಂದಳು.

ಬುಧವಾರ ಹತ್ತೊಂಬತ್ತು ಹೆಜ್ಜೆ. ಉದ್ದಜಡೆ ಏನೋ ಹೇಳುತ್ತಿದ್ದಳು, ನಗುಬುರುಕಿ ನಗುತ್ತಿದ್ದಳು. ಮಾತು ಮುಗಿಯಲಿ ಎಂದು ಟ್ರಿಣಿ ಕಾದಳು. ಆದರೆ ಮಾತು ಮುಗಿಯುವ ಮೊದಲೇ ಗಂಟೆ ಹೊಡೆಯಿತು.

ಗುರುವಾರ ಅದೃಷ್ಟ ತಾನಾಗಿಯೇ ಬಂತು. ಶಾಲೆ ಬಿಟ್ಟಾಗ ಗೇಟಿನ ಹೊರಗೆ ಕನ್ನಡಕದವಳ ಸೈಕಲ್ ಚೈನ್ ಕಳಚಿ ಜೋತುಬಿದ್ದಿತ್ತು. ಅವಳು ಅದನ್ನು ಮುಟ್ಟಲು ಹೆದರಿ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಟ್ರಿಣಿ ಬ್ಯಾಗ್ ಕೆಳಗಿಟ್ಟು, ಚೈನನ್ನು ಚಕ್ರದ ಹಲ್ಲಿಗೆ ಕೂರಿಸಿ, ಪೆಡಲನ್ನು ಹಿಂದಕ್ಕೊಮ್ಮೆ ತಿರುಗಿಸಿದಳು. ಕಟ್ ಕಟ್ ಎಂದು ಚೈನ್ ಕೂತಿತು.

"ಅರೆ, ಇಷ್ಟು ಬೇಗ?" ಎಂದಳು ಕನ್ನಡಕದವಳು. "ಥ್ಯಾಂಕ್ಸ್ ಕಣೆ."

ಈಗ ಹೇಳಬೇಕು. ಟ್ರಿಣಿ ಜಾಮಿಟ್ರಿ ಬಾಕ್ಸ್ ತೆಗೆದು ಒಂದು ಚೀಟಿ ಹಿಡಿದಳು. ಗ್ರೀಸಿನ ಕೈ. ಚೀಟಿಯ ಮೇಲೆ ಹೆಬ್ಬೆರಳಿನ ಕಪ್ಪು ಗುರುತು ದಪ್ಪಗೆ ಮೂಡಿತು. ಇಂಥ ಕೊಳಕು ಚೀಟಿ ಹೇಗೆ ಕೊಡುವುದು ಎಂದು ಇನ್ನೊಂದನ್ನು ಹುಡುಕುವಷ್ಟರಲ್ಲಿ ಕನ್ನಡಕದವಳ ಸೈಕಲ್ ತಿರುವಿನಲ್ಲಿ ಮರೆಯಾಗಿತ್ತು.

ಟ್ರಿಣಿ ಬೀದಿಯಲ್ಲಿ ನಿಂತು ಆ ತಿರುವನ್ನೇ ನೋಡಿದಳು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಆಮೇಲೆ ಅಳು ಬಂತು. ಶುಕ್ರವಾರ ಅವಳು ಮೆಟ್ಟಿಲಿನಿಂದ ಏಳಲೇ ಇಲ್ಲ.

* * *

ಶನಿವಾರ ಮಧ್ಯಾಹ್ನ ಅಮ್ಮ ಹಿಂದಿನ ಕೋಣೆಯ ಬಾಗಿಲು ತೆರೆದು "ಬಾ, ನೋಡು" ಎಂದಳು.

ಹಳೆಯ ಸೈಕಲ್ಲುಗಳೆಲ್ಲ ಗೋಡೆಗೆ ಸಾಲಾಗಿ ಒರಗಿದ್ದವು. ನೆಲ ಫಳಫಳ ಹೊಳೆಯುತ್ತಿತ್ತು. ನಡುವೆ ಅರ್ಧ ವೃತ್ತದಲ್ಲಿ ಐದು ಪುಟ್ಟ ಸ್ಟೂಲುಗಳು. ಮರದ ಪೆಟ್ಟಿಗೆ ಒಡೆದು ಅಮ್ಮನೇ ಮಾಡಿದ್ದು. ಪ್ರತಿ ಸ್ಟೂಲಿನ ಮುಂದೆ ಪಂಕ್ಚರ್ ಆದ ಒಂದು ಟ್ಯೂಬು, ಒಂದು ತುಂಡು ಉಪ್ಪುಕಾಗದ, ಒಂದು ಪ್ಯಾಚು. ಪ್ರತಿ ಸ್ಟೂಲಿಗೂ ಒಂದು ಕಾಗದ ಅಂಟಿಸಿತ್ತು. ಉದ್ದಜಡೆ. ಕನ್ನಡಕ. ಅವಳಿ ಒಂದು. ಅವಳಿ ಎರಡು. ನಗುಬುರುಕಿ.

"ಚೆನ್ನಾಗಿದ್ಯಾ? ಅವಳಿಗಳು ಅಕ್ಕಪಕ್ಕನೇ ಕೂರ್ತಾರೆ ಅಂತ ಹತ್ತಿರ ಇಟ್ಟಿದ್ದೀನಿ."

ಟ್ರಿಣಿ "ಚೆನ್ನಾಗಿದೆ" ಎಂದು ಹೇಗೋ ಹೇಳಿದಳು.

ನಾಲ್ಕು ಗಂಟೆಗೆ ಸರಿಯಾಗಿ ನಗರಸಭೆಯವರು ಬಂದರು. ತೆಳ್ಳಗೆ, ಉದ್ದಕ್ಕೆ ಇದ್ದರು. ಕಂಕುಳಲ್ಲಿ ಫೈಲು. ಅಮ್ಮ ಕುರ್ಚಿ ತರುವ ಮೊದಲೇ ಅವರು "ಪರವಾಗಿಲ್ಲಮ್ಮ" ಎಂದು ನಗುಬುರುಕಿಯ ಸ್ಟೂಲಿನ ಮೇಲೆ ಕೂತುಬಿಟ್ಟರು. ಮಂಡಿ ಎರಡೂ ಗಲ್ಲದ ತನಕ ಬಂದವು. ಬೇರೆ ದಿನವಾಗಿದ್ದರೆ ಟ್ರಿಣಿ ನಗು ತಡೆಯಲು ಓಡಿಹೋಗಬೇಕಾಗುತ್ತಿತ್ತು.

"ಮಕ್ಕಳು?"

"ಬರ್ತಾರೆ ಸರ್. ದಾರೀಲಿ ಏನಾದ್ರೂ ನೋಡ್ತಾ ನಿಂತಿರ್ತಾರೆ, ಮಕ್ಕಳಲ್ವಾ?" ಅಮ್ಮ ನಗುತ್ತಾ ಹೇಳಿದಳು.

ನಾಲ್ಕೂ ಹತ್ತಾಯಿತು. ಅಮ್ಮ ಬೀದಿಗೆ ಹೋಗಿ ಆ ಕಡೆ ಈ ಕಡೆ ನೋಡಿ ಬಂದಳು. ನಾಲ್ಕೂ ಕಾಲಾಯಿತು. ಇನ್ನೊಮ್ಮೆ ಹೋಗಿ ಬಂದಳು. ಈ ಸಲ ಬಂದಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ನಗರಸಭೆಯವರು ಸುಮ್ಮನೆ ಕೂರಲಾರದೆ ಮುಂದಿದ್ದ ಟ್ಯೂಬನ್ನು ಎತ್ತಿಕೊಂಡು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜುತ್ತಿದ್ದರು.

"ಅವಳಿಗಳಿಗೆ ಜ್ವರ," ಎಂದುಬಿಟ್ಟಳು ಟ್ರಿಣಿ.

ನಗರಸಭೆಯವರು ಪೆನ್ ತೆಗೆದು "ಇಬ್ಬರಿಗೆ ಜ್ವರ" ಎಂದು ಬರೆದುಕೊಂಡರು.

"ಹೌದಾ?" ಅಮ್ಮನ ದನಿ ಒಮ್ಮೆಲೇ ಮೆತ್ತಗಾಯಿತು. "ಇಬ್ಬರಿಗೂ ಒಟ್ಟಿಗೇನಾ? ಪಾಪ, ಅವರಮ್ಮ ಒಬ್ಬಳೇ ಹೇಗೆ ನೋಡ್ಕೋತಾಳೋ. ಮೊದಲೇ ಹೇಳಬಾರದಿತ್ತೇನೆ? ನಾಳೆ ಹೋಗಿ ನೋಡ್ಕೊಂಡು ಬರೋಣ."

ಬೈದಿದ್ದರೆ ಟ್ರಿಣಿ ತಡೆದುಕೊಳ್ಳುತ್ತಿದ್ದಳು. ಅಮ್ಮ ಇಲ್ಲದ ಜ್ವರಕ್ಕೆ ಮರುಗುವುದನ್ನು ನೋಡಲು ಆಗಲಿಲ್ಲ.

"ಜ್ವರ ಇಲ್ಲಮ್ಮ," ಎಂದಳು. "ನಾನು ಯಾರನ್ನೂ ಕರೀಲಿಲ್ಲ. ಅವರ್‍ಯಾರೂ ನನ್ನ ಫ್ರೆಂಡ್ಸ್ ಅಲ್ಲ. ಅವರ ಮನೇಲಿ ಬೆಕ್ಕೂ ಇಲ್ಲ. ಇದ್ಯೋ ಇಲ್ವೋ ನಂಗೆ ಗೊತ್ತೇ ಇಲ್ಲ. ನಂಗೆ ಫ್ರೆಂಡ್ಸೇ ಇಲ್ಲ ಅಮ್ಮ."

ಉಪ್ಪುಕಾಗದದ ಸದ್ದು ನಿಂತಿತು. ನಗರಸಭೆಯವರು ಯಾರ ಮುಖವನ್ನೂ ನೋಡದೆ ಟ್ಯೂಬನ್ನೇ ನೋಡತೊಡಗಿದರು.

ಅಮ್ಮ ಅಂಗಿಗೆ ಕೈ ಒರೆಸಿಕೊಂಡು "ಸರ್, ಅರ್ಜಿ ಸ್ವಲ್ಪ ಕೊಡಿ" ಎಂದಳು. ಚೌಕದಲ್ಲಿದ್ದ "ಐದು" ಮೇಲೆ ಗೆರೆ ಎಳೆದು, ಪಕ್ಕದಲ್ಲಿ "ಒಂದು" ಎಂದು ಬರೆದಳು.

"ಒಬ್ಬರಿಗೆ ಕೊಡೋಕೆ ಆಗಲ್ಲಮ್ಮ," ಎಂದರು ನಗರಸಭೆಯವರು. ಅವರಿಗೆ ಹೇಳಲು ಕಷ್ಟವಾಗುತ್ತಿತ್ತು. "ಕೋಣೆ ಚೆನ್ನಾಗಿದೆ. ನಂಗೆ ತುಂಬಾ ಹಿಡಿಸ್ತು. ಆದ್ರೆ ಕನಿಷ್ಠ ಐದು ಅಂತ ರೂಲ್ಸ್ ಇದೆ. ಆಮೇಲೆ ನೋಡಿ, ಈ ಚೌಕಾನೂ ಖಾಲಿ ಬಿಟ್ಟಿದ್ದೀರಿ. ನೆರೆಯವರ ಸಹಿ."

ಟ್ರಿಣಿ ಬಗ್ಗಿ ನೋಡಿದಳು. ನಿಜ. ಚೌಕದಲ್ಲಿ ಏನೂ ಇರಲಿಲ್ಲ.

"ಪಕ್ಕದಲ್ಲೇ ಹೊಲಿಗೆ ಅಂಗಡಿ ಇದ್ಯಲ್ಲ, ಅವರನ್ನೇ ಕೇಳಬಹುದಿತ್ತು. ನಾನು ದಾರಿ ಕೇಳಿದ್ದೂ ಅವರನ್ನೇ. ಒಳ್ಳೇ ಹೆಂಗಸು. 'ಸೈಕಲ್ ಅಂಗಡಿಯವರಾ? ನೋಡಿದ್ದೀನಿ, ಇನ್ನೂ ಒಂದು ಮಾತೂ ಆಡಿಲ್ಲ' ಅಂದ್ರು."

ಅಮ್ಮ ತಲೆ ತಗ್ಗಿಸಿ ಉಗುರಿನ ಗ್ರೀಸ್ ಕೆರೆಯತೊಡಗಿದಳು. ಟ್ರಿಣಿ ಅಮ್ಮನನ್ನೇ ನೋಡಿದಳು.

ನಗರಸಭೆಯವರು ಫೈಲಿನಿಂದ ಒಂದು ಹೊಸ ಅರ್ಜಿ ತೆಗೆದು ಸ್ಟೂಲಿನ ಮೇಲಿಟ್ಟರು. "ಮೂರು ತಿಂಗಳಿಗೊಮ್ಮೆ ತಗೋತೀವಿ. ಇನ್ನೊಂದ್ಸಲ ಹಾಕಿ." ಹೋಗುವಾಗ ಟ್ಯೂಬನ್ನು ಟ್ರಿಣಿಯ ಕೈಗೆ ಕೊಟ್ಟರು. ಉಜ್ಜಿ ಉಜ್ಜಿ ಅವರು ಅದನ್ನು ಪ್ಯಾಚ್ ಹಾಕಲು ಸಿದ್ಧ ಮಾಡಿದ್ದರು.

* * *

ಇಬ್ಬರೇ ಉಳಿದರು. ಅಮ್ಮ ಅವಳಿ ಒಂದರ ಸ್ಟೂಲಿನಲ್ಲಿ ಕೂತಳು. ಟ್ರಿಣಿ ಅವಳಿ ಎರಡರ ಸ್ಟೂಲಿನಲ್ಲಿ ಕೂತಳು.

"ಯಾಕೆ ಹೇಳ್ಲಿಲ್ಲ?" ಅಮ್ಮ ಕೇಳಿದಳು.

"ನಿಂಗೆ ಬೇಜಾರಾಗತ್ತೆ ಅಂತ."

ಅಮ್ಮ ಸುಮ್ಮನೆ ತಲೆ ಆಡಿಸಿದಳು. ಆ ಉತ್ತರ ಅವಳಿಗೆ ಮೊದಲೇ ಗೊತ್ತಿದ್ದಂತಿತ್ತು.

"ಅಮ್ಮ, ಪ್ಯಾಂಟಿಗೆ ಎರಡೂ ಎಡಗಾಲು ಹೊಲಿದಿದ್ದು?"

"ಅದು ನಾನೇ ಹೊಲಿದಿದ್ದು," ಎಂದಳು ಅಮ್ಮ.

"ಮತ್ತೆ ಹೊಲಿಗೆ ಅಕ್ಕ ನಗೋದು?"

"ನಗೋದು ನಿಜ. ಗೋಡೆ ಆಚೆಯಿಂದ ಕೇಳಿಸತ್ತೆ. ಯಾಕೆ ನಗ್ತಾಳೆ ಅಂತ ಗೊತ್ತಾಗಲ್ಲ ಅಷ್ಟೆ. ಅದಕ್ಕೆ ನಾನೇ ಏನಾದ್ರೂ ಅಂದ್ಕೋತೀನಿ."

ಅಮ್ಮ ಪ್ಯಾಚ್ ಅಂಟಿಸುವ ಸಲ್ಯೂಷನ್ ಟ್ಯೂಬಿನ ಮುಚ್ಚಳ ತಿರುಗಿಸಿದಳು. ಇಬ್ಬರೂ ಸೇರಿ ಐದು ಪಂಕ್ಚರನ್ನೂ ಹಾಕಿದರು. ಸಲ್ಯೂಷನ್ ಹಚ್ಚಿದ ಮೇಲೆ ಒಣಗುವ ತನಕ ಕಾಯಬೇಕು. ಕಾದರು.

ಆ ಸಂಜೆ ಊಟಕ್ಕೆ ಕೂತಾಗ ಹೇಳಲು ಇಬ್ಬರ ಬಳಿಯೂ ಏನೂ ಇರಲಿಲ್ಲ. ಉದ್ದಜಡೆ ಇರಲಿಲ್ಲ, ಬೆಕ್ಕಿನ ಮರಿಗಳಿರಲಿಲ್ಲ, ಹೊಲಿಗೆ ಅಕ್ಕ ಇರಲಿಲ್ಲ. ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಭಾನುವಾರವೂ ಹಾಗೆಯೇ ಕಳೆಯಿತು.

ಸೋಮವಾರ ಸಂಜೆ ಅಮ್ಮ ತಟ್ಟೆ ಇಡುತ್ತಾ ಕೇಳಿದಳು, "ಶಾಲೇಲಿ ಇವತ್ತು ಏನಾಯ್ತು?"

ಟ್ರಿಣಿ ತಟ್ಟೆ ಹತ್ತಿರ ಎಳೆದುಕೊಂಡಳು. "ನಲ್ಲಿಯಿಂದ ಮರಕ್ಕೆ ಇಪ್ಪತ್ತೆರಡು ಹೆಜ್ಜೆ. ಇಪ್ಪತ್ತೊಂದು ಹೋದೆ. ವಾಪಸ್ ಬಂದೆ. ನೀನು?"

ಅಮ್ಮ ನೀರಿನ ಲೋಟವನ್ನು ಅತ್ತಿತ್ತ ಸರಿಸಿದಳು. "ಅರ್ಜಿ ಹಿಡ್ಕೊಂಡು ಹೊಲಿಗೆ ಅಂಗಡಿ ಬಾಗಿಲ ತನಕ ಹೋಗಿದ್ದೆ. ಒಳಗೆ ಯಾರೋ ಗಿರಾಕಿ ಇದ್ರು. ವಾಪಸ್ ಬಂದೆ."

"ಎಷ್ಟು ಹೆಜ್ಜೆ?"

"ಅಷ್ಟೆಲ್ಲ ಯಾರು ಎಣಿಸ್ತಾರೆ ಕಣೆ?"

ಮರುದಿನ ಶಾಲೆಗೆ ಹೊರಡುವ ಮೊದಲು ಟ್ರಿಣಿ ಎಣಿಸಿದಳು. ತಮ್ಮ ಷಟರಿನಿಂದ ಹೊಲಿಗೆ ಅಂಗಡಿಯ ಬಾಗಿಲಿಗೆ ಬರೇ ಒಂಬತ್ತು ಹೆಜ್ಜೆ. ದೊಡ್ಡವರ ಕಾಲಿಗೆ ಆರೋ ಏಳೋ ಇರಬಹುದು.

ಅವಳು ತಿರುಗಿ ನೋಡಿದಳು. ಅಮ್ಮ ಷಟರಿನ ಕೆಳಗೆ ನಿಂತಿದ್ದಳು. ಎರಡು ಬೆರಳಲ್ಲಿ ಅರ್ಜಿ ಹಿಡಿದಿದ್ದಳು. ಇನ್ನೊಂದು ಕೈಯನ್ನು ಅಂಗಿಗೆ ಒರೆಸಿಕೊಂಡಳು. ಆ ಕೈಯಲ್ಲಿ ಗ್ರೀಸ್ ಇರಲಿಲ್ಲ. ಆದರೂ ಮತ್ತೊಮ್ಮೆ ಒರೆಸಿಕೊಂಡಳು.

ಲೇಸಿಲ್ಲದ ಶೂ ಕಟ್ಟಿದ್ದು ಟ್ರಿಣಿಗೆ ನೆನಪಾಯಿತು. ಈ ಹತ್ತು ತಿಂಗಳೂ ಅಮ್ಮ ಇಲ್ಲೇ, ಒಂಬತ್ತು ಹೆಜ್ಜೆ ದೂರದಲ್ಲಿ, ತನ್ನ ಹಾಗೆಯೇ ಒಂದು ಮೆಟ್ಟಿಲ ಮೇಲೆ ಕೂತಿದ್ದಳು.

ಗೋಡೆಯಾಚೆ ಹೊಲಿಗೆ ಮಿಷನ್ ಓಡುತ್ತಿತ್ತು. ಒಳಗೆ ಯಾರೋ ನಕ್ಕರು.

ಟ್ರಿಣಿ ವಾಪಸ್ ಹೋಗಿ ಅಮ್ಮನ ಕೈ ಹಿಡಿದಳು.

"ಒಂಬತ್ತೇ ಇರೋದು ಅಮ್ಮ. ಇದನ್ನ ಮೊದಲು ಮುಗಿಸೋಣ. ನಂದು ಮಧ್ಯಾಹ್ನಕ್ಕೆ ಇದೆ."

ಅಮ್ಮ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಕಾಲು ಮುಂದಿಟ್ಟು, ಯಾರಿಗೂ ಕೇಳಿಸದ ಹಾಗೆ, "ಒಂದು" ಎಂದಳು.